ಸಿಮ್ರನ್‌ಳನ್ನು ಕೇಳಿದವರು ಯಾರು?

(ಮಾತಾಡುವವರು ಇಬ್ಬರು. ಒಬ್ಬರು ಕಾಲೇಜಿನ ದಿನಗಳಲ್ಲಿ ‘ದಿಲ್‌ವಾಲೇ ದುಲ್ಹನಿಯಾ ಲೇ ಜಾಯೇಂಗೆ’ ನೋಡಿ ಮನಸೋತವರು. ಇನ್ನೊಬ್ಬಳು ಅವರ ಅಕ್ಕನ ಮಗಳು. ಇಂಗ್ಲೆಂಡಿನಲ್ಲಿ ಓದು ಮುಗಿಸಿ ಬಂದವಳು. ಮನೆಯಲ್ಲಿ ಗಂಡು ಹುಡುಕುತ್ತಿರುವ ಈ ಹೊತ್ತಿನಲ್ಲಿ ಆ ಚಿತ್ರವನ್ನು ಮೊದಲ ಸಲ ಪೂರ್ತಿ ನೋಡಿದ್ದಾಳೆ.)

ಮಗಳು: ಮೂರು ಗಂಟೆಗೂ ಮಿಕ್ಕಿ ಕೂತು ನೋಡಿದೆ ಚಿಕ್ಕಮ್ಮ. ಹಾಡು ಚೆನ್ನಾಗಿವೆ, ಕಾಜೋಲ್ ಚೆನ್ನಾಗಿದ್ದಾಳೆ, ಸಾಸಿವೆ ಹೊಲ ಅಂತೂ ಕಣ್ಣಿಗೆ ಹಬ್ಬ. ಆದರೆ ಇದನ್ನ ಪ್ರೇಮಕಥೆ ಅಂತ ಯಾಕೆ ಹೊಗಳ್ತೀರೋ ನನಗೆ ತಿಳೀಲಿಲ್ಲ.

ಚಿಕ್ಕಮ್ಮ: ಪ್ರೇಮಕಥೆ ಅಲ್ಲದೆ ಮತ್ತೇನು ಅದು?

ಮಗಳು: ಅಪ್ಪನ ಕಥೆ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚೋದು ಮಧ್ಯಂತರದ ಹೊತ್ತಿಗೇ ಮುಗಿದುಹೋಗುತ್ತೆ. ಆಮೇಲೆ ಹುಡುಗ ಒಲಿಸಿಕೊಳ್ಳೋಕೆ ಒದ್ದಾಡೋದು ಹುಡುಗಿಯನ್ನಲ್ಲ, ಅವಳಪ್ಪನನ್ನ. ಬೆಳಗ್ಗೆ ಎದ್ದು ಅಪ್ಪನ ಜೊತೆ ಹಕ್ಕಿಗೆ ಕಾಳು ಹಾಕ್ತಾನೆ, ಮದುವೆಮನೆಯಲ್ಲಿ ಮೈಮುರಿದು ಕೆಲಸ ಮಾಡ್ತಾನೆ. ಅವಳು ಮಾತ್ರ ಮದರಂಗಿ ಹಚ್ಚಿಸಿಕೊಂಡು ಕಾಯ್ತಾ ಕೂತಿರ್ತಾಳೆ.

ಚಿಕ್ಕಮ್ಮ: ಅದಕ್ಕೇ ಕಣೆ ಅದು ಓಡಿದ್ದು. 1995ರ ಅಕ್ಟೋಬರ್ 20ಕ್ಕೆ, ದೀಪಾವಳಿ ಎದುರಿಗಿಟ್ಟುಕೊಂಡು ಬಿಡುಗಡೆ ಮಾಡಿದರು. ಮುಂಬೈನ ಮರಾಠಾ ಮಂದಿರದಲ್ಲಿ 2014ರ ಡಿಸೆಂಬರಿನಲ್ಲಿ ಸಾವಿರ ವಾರ ಮುಗಿಸಿತು, ಆಮೇಲೂ ಬೆಳಗಿನ ಆಟ ನಿಲ್ಲಿಸಲಿಲ್ಲ. ನಿರ್ದೇಶಕ ಆದಿತ್ಯ ಚೋಪ್ರಾಗೆ ಆಗ 24 ವರ್ಷ, ಅದೇ ಮೊದಲ ಚಿತ್ರ. ಆ ವಯಸ್ಸಿಗೆ ಒಂದು ಗುಟ್ಟು ಅವನಿಗೆ ಗೊತ್ತಾಗಿತ್ತು. ಟಿಕೆಟ್ಟಿಗೆ ದುಡ್ಡು ಕೊಡೋನು ಅಪ್ಪ!

ಮಗಳು: ಅಂದ್ರೆ ವ್ಯಾಪಾರ.

ಚಿಕ್ಕಮ್ಮ: ವ್ಯಾಪಾರವೂ ಹೌದು. ಆದರೆ ಅದರ ಹಿಂದೆ ಏನಿತ್ತು ನೋಡು. ‘ಏಕ್ ದೂಜೇ ಕೇ ಲಿಯೇ’ 1981ರದ್ದು, ಪ್ರೀತಿಸಿದವರು ಸಾಯ್ತಾರೆ. 1988ರ ‘ಕಯಾಮತ್ ಸೇ ಕಯಾಮತ್ ತಕ್’ನಲ್ಲಿ ಓಡಿಹೋಗ್ತಾರೆ, ಅವರೂ ಸಾಯ್ತಾರೆ. ಪ್ರೀತಿ ಮಾಡಿದರೆ ಒಂದೋ ಮನೆ ಬಿಡು, ಇಲ್ಲ ಪ್ರಾಣ ಬಿಡು ಅನ್ನೋದು ಹಿಂದಿ ಸಿನಿಮಾದ ಲೆಕ್ಕ. ಈ ಚಿತ್ರದ ಹುಡುಗ ಬಂದು ಎರಡೂ ಬೇಡ, ಮನೆಯಲ್ಲೇ ಇದ್ದು ಗೆಲ್ತೀನಿ ಅಂದ. ಹಾಸ್ಟೆಲಿನಲ್ಲಿ ಇದ್ದ ನಮಗೆ ಅದು ಎಷ್ಟು ದೊಡ್ಡ ಸಮಾಧಾನ ಗೊತ್ತಾ?

ಮಗಳು: ಸಮಾಧಾನ ನಿಮಗಾ, ನಿಮ್ಮ ಅಪ್ಪಂದಿರಿಗಾ?

ಚಿಕ್ಕಮ್ಮ: ಇಬ್ಬರಿಗೂ ಅನ್ನು. ಇನ್ನೊಂದು ಮಾತು. ಈ ಹುಡುಗ ರಾಜ್ ಪಾತ್ರ ಮಾಡಿದ ಅದೇ ಶಾರುಖ್ 1993ರಲ್ಲಿ ‘ಡರ್’ನಲ್ಲಿ ಹುಡುಗಿಯ ಬೆನ್ನುಬಿದ್ದು ಕಾಡಿದ್ದ, ‘ಬಾಜಿಗರ್’ನಲ್ಲಿ ಪ್ರೀತಿಸ್ತೀನಿ ಅಂತ ನಂಬಿಸಿ ಕೊಂದಿದ್ದ. ಅಂಥವನು ಇಲ್ಲಿ ಹುಡುಗಿಯ ಅಮ್ಮನ ಮುಂದೆ ತಲೆ ಬಗ್ಗಿಸಿ ನಿಂತ. ನಮಗೆ ಹೊಸದಾಗಿ ಕಂಡಿದ್ದು ಅದು.

ಮಗಳು: ಆ ತಗ್ಗುಬಗ್ಗು ಅಮ್ಮನ ಮುಂದೆ ಮಾತ್ರ. ಯುರೋಪಿನ ರೈಲಿನಲ್ಲಿ ಅವಳ ಪೆಟ್ಟಿಗೆ ಬಿದ್ದು ಬಟ್ಟೆ ಚೆಲ್ಲಿದಾಗ ಅವಳ ಒಳಉಡುಪು ಎತ್ತಿ ಹಿಡಿದು ಹಲ್ಲುಕಿರೀತಾನಲ್ಲ, ಅದನ್ನ ಇವತ್ತು ಯಾರಾದರೂ ಮಾಡಿದರೆ ರೈಲ್ವೆ ಪೊಲೀಸರಿಗೆ ದೂರು ಕೊಡ್ತೀವಿ. ಆಮೇಲೆ ಹೋಟೆಲಿನ ಆ ಬೆಳಗ್ಗೆ. ಅವಳು ಕುಡಿದ ಮತ್ತಿನಲ್ಲಿ ಏನಾಯ್ತೋ ಅಂತ ಗಾಬರಿಯಾಗಿ ಅಳ್ತಿದ್ದಾಳೆ. ಅವನು ಮೊದಲು ತಮಾಷೆಗೆ ಹೌದು ಅನ್ನೋ ಹಾಗೆ ಆಡಿ, ಅವಳನ್ನ ಪೂರ್ತಿ ಅಳಿಸಿ, ಆಮೇಲೆ ತಾನು ಹಿಂದೂಸ್ತಾನಿ, ಹಿಂದೂಸ್ತಾನಿ ಹುಡುಗಿಯ ಮಾನ ಏನು ಅಂತ ತನಗೆ ಗೊತ್ತು ಅಂತಾನೆ. ಅಳಿಸಿದವನೇ ಕಣ್ಣೊರೆಸಿದರೆ ದೊಡ್ಡ ಮನುಷ್ಯ ಆಗಿಬಿಡ್ತಾನಾ?

ಚಿಕ್ಕಮ್ಮ: ಆ ದೃಶ್ಯಕ್ಕೆ ನಾವು ಚಪ್ಪಾಳೆ ಹೊಡೆದಿದ್ವಿ. ಇವತ್ತು ಹೊಡೆಯಲ್ಲ, ಬಿಡು. ಆದರೆ ನೀನು ಅಪ್ಪನ ಪಾತ್ರ ಮಾಡಿದ ಅಮರೀಶ್ ಪುರಿಯನ್ನ ಸುಮ್ಮನೆ ಖಳನಾಯಕ ಅನ್ನಬೇಡ. ನಮ್ಮ ಗಿರೀಶ ಕಾರ್ನಾಡರ ‘ಕಾಡು’ ಚಿತ್ರದಲ್ಲಿ 1973ರಲ್ಲೇ ಗೌಡನ ಪಾತ್ರ ಮಾಡಿದವರು ಅವರು. ಈ ಬಲದೇವ್ ಸಿಂಗ್‌ನಲ್ಲೂ ಒಬ್ಬ ಗೌಡ ಇದ್ದಾನೆ, ಆದರೆ ಊರಿಲ್ಲದ ಗೌಡ. ಲಂಡನ್ನಿನಲ್ಲಿ ಪುಟ್ಟ ಅಂಗಡಿ. ಬೆಳಗ್ಗೆ ಚೌಕದಲ್ಲಿ ಪಾರಿವಾಳಕ್ಕೆ ಕಾಳು ಹಾಕ್ತಾ ಪಂಜಾಬನ್ನ ನೆನೀತಾನೆ. ಅಷ್ಟು ವರ್ಷ ಇದ್ದರೂ ಆ ಊರು ಅವನದಾಗಲಿಲ್ಲ. ಊರಿನದು ಅಂತ ಅವನ ಕೈಯಲ್ಲಿ ಉಳಿದಿದ್ದು ಒಂದೇ, ಸ್ನೇಹಿತನಿಗೆ ಕೊಟ್ಟ ಮಾತು.

ಮಗಳು: ಮಾತು ಅವನದು, ತೀರಿಸಬೇಕಾದವಳು ಮಗಳು ಸಿಮ್ರನ್. ಪಂಜಾಬಿನಿಂದ ಕಾಗದ ಬರೋ ದೃಶ್ಯ ನೋಡಿದೆಯಲ್ಲ ಚಿಕ್ಕಮ್ಮ? ನನಗೆ ಇಡೀ ಸಿನಿಮಾ ಅಲ್ಲೇ ಇದೆ ಅನ್ನಿಸ್ತು. ಸ್ನೇಹಿತ ಅಜಿತ್ ಬರೆದಿದ್ದಾನೆ, ಮಕ್ಕಳು ದೊಡ್ಡವರಾದರು, ಮದುವೆ ಮುಗಿಸೋಣ ಅಂತ. ಸಿಮ್ರನ್ ಮುಖ ಇಳಿದುಹೋಗುತ್ತೆ, ಮಾತು ಬರದೆ ಎದ್ದು ಹೋಗ್ತಾಳೆ. ಅಪ್ಪ ಅದನ್ನ ನೋಡಿ ಹಿಗ್ಗಿಹೋಗ್ತಾನೆ. ನೋಡಿದೆಯಾ, ನಾಚಿಕೊಂಡಳು, ಇದು ನಮ್ಮ ಸಂಸ್ಕಾರ, ಲಂಡನ್ನಿನ ನಡುವೆ ಹಿಂದೂಸ್ತಾನ ಉಳಿಸಿಕೊಂಡಿದ್ದೀನಿ ಅಂತ ಹೆಂಡತಿಯ ಹತ್ತಿರ ಹೇಳಿಕೊಳ್ತಾನೆ. ಮಗಳ ಎದೆ ಒಡೆದಿದೆ, ಅಪ್ಪನ ಲೆಕ್ಕಕ್ಕೆ ಅದು ನಾಚಿಕೆ!

ಚಿಕ್ಕಮ್ಮ: ಅಲ್ಲಿ ಫರೀದಾ ಜಲಾಲ್ ಮುಖ ನೋಡಿದೆಯಾ? ಅಮ್ಮ ಲಜ್ಜೋ ಮುಖ? ಅವಳಿಗೆ ಗೊತ್ತಾಗುತ್ತೆ. ಗೊತ್ತಾದರೂ ತುಟಿ ಬಿಚ್ಚಲ್ಲ.

ಮಗಳು: ಆಮೇಲೆ ಮಗಳು ಯಾರನ್ನೋ ಮೆಚ್ಚಿದ್ದಾಳೆ ಅಂತ ಕಿವಿಗೆ ಬಿದ್ದ ತಕ್ಷಣ, ಮನೆಮಂದಿಯನ್ನೆಲ್ಲ ಹೊರಡಿಸಿಕೊಂಡು ಪಂಜಾಬಿಗೆ ಹೋಗ್ತಾನೆ. ನಾನು ಇಂಗ್ಲೆಂಡಿನಲ್ಲಿ ಓದೋವಾಗ ತಿಳಿದ ಸಂಗತಿ ಒಂದು ಹೇಳ್ತೀನಿ ಕೇಳು. ಬ್ರಿಟನ್ನಿನ ಗೃಹ ಇಲಾಖೆ, ವಿದೇಶಾಂಗ ಇಲಾಖೆ ಎರಡೂ ಸೇರಿ 2005ರಲ್ಲಿ ಒಂದು ವಿಭಾಗವನ್ನೇ ತೆರೆದವು, ಬಲವಂತದ ಮದುವೆಗೆ ಸಿಕ್ಕಿಕೊಂಡವರ ನೆರವಿಗೆ. 2007ರ ಕಾಯ್ದೆ ಪ್ರಕಾರ ಕೋರ್ಟು ಅಂಥ ಮದುವೆ ತಡೆಯೋಕೆ ರಕ್ಷಣಾ ಆದೇಶ ಕೊಡಬಹುದು. 2014ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದು ಅಪರಾಧವೇ, ಏಳು ವರ್ಷದವರೆಗೆ ಜೈಲು. ಮದುವೆ ಹೊರದೇಶದಲ್ಲಿ ಮಾಡಿಸಿದರೂ ಬಿಡಲ್ಲ. ಬೆಳೆದ ಮಗಳನ್ನ ಊರಿಗೆ ಅಂತ ಕರ್ಕೊಂಡು ಹೋಗಿ, ಅವಳು ಒಲ್ಲದವನಿಗೆ ಕಟ್ಟೋದು. ಸಿಮ್ರನ್‌ಗೆ ಆಗಿದ್ದು ಅದೇ ತಾನೇ?

ಚಿಕ್ಕಮ್ಮ: ಅಂದ್ರೆ ಬಲದೇವ್ ಸಿಂಗ್‌ಗೆ ಏಳು ವರ್ಷ ಹಾಕಿಸ್ತೀಯಾ?

ಮಗಳು: 1995ರಲ್ಲಿ ಈ ಕಾನೂನು ಯಾವುದೂ ಇರಲಿಲ್ಲ, ಅವನು ಬಚಾವು. ಆದರೆ ನೀವೆಲ್ಲ ರುಮಾಲು ಹಿಡಿದು ನೋಡಿದ ಕಥೆ, ಹುಡುಗನನ್ನ ತೆಗೆದುಬಿಟ್ಟರೆ, ಅಲ್ಲಿನ ಅಧಿಕಾರಿಗಳ ಮೇಜಿನ ಮೇಲಿರೋ ಒಂದು ಕಡತ. ಆ ಕಡತದ ಹುಡುಗಿಯರ ಹಿಂದೆ ಪಂಜಾಬಿನವರೆಗೂ ಮ್ಯಾಂಡೊಲಿನ್ ಹಿಡಿದು ಯಾರೂ ಬರಲ್ಲ.

ಚಿಕ್ಕಮ್ಮ: ನೀನು ಹೇಳೋದು ಸರಿ. ಆದರೆ ಆ ಪಂಜಾಬಿನಲ್ಲಿ ಚಿತ್ರ ಏನು ತೋರಿಸುತ್ತೆ ಅಂತಲೂ ನೋಡಬೇಕು. ಅಪ್ಪ ಯಾವ ಮಣ್ಣನ್ನ ಅಪ್ಪಟ ಅಂತ ನಂಬಿ ಬಂದನೋ ಅದೇ ಮಣ್ಣಿನ ಹುಡುಗ, ಸ್ನೇಹಿತನ ಮಗ ಕುಲ್‌ಜೀತ್. ಬಂದೂಕು ಹಿಡಿದು ಬೇಟೆ, ಹೆಂಗಸರ ಬಗ್ಗೆ ಸಸಾರ, ಮದುವೆಯಾದ ಮೇಲೂ ಮಜಾ ಮಾಡೋ ಲೆಕ್ಕ. ಲಂಡನ್ನಿನಲ್ಲಿ ಬೆಳೆದವನು ಹೆಂಗಸರ ಜೊತೆ ಅಡುಗೆಮನೆಯಲ್ಲಿ ಕೂತು ಮಾತಾಡ್ತಾನೆ. ಊರು ಒಳ್ಳೇದು, ಪರದೇಶ ಕೆಟ್ಟದ್ದು ಅನ್ನೋ ಅಪ್ಪನ ನಂಬಿಕೆಯನ್ನ ಚಿತ್ರ ಅವನ ಕಣ್ಣೆದುರೇ ಮುರಿದುಹಾಕುತ್ತೆ. ಅದೇನು ಸಣ್ಣ ಮಾತಲ್ಲ.

ಮಗಳು: ಕುಲ್‌ಜೀತ್ ಒರಟ ಆಗಿದ್ದು ಕಥೆಗಾರನಿಗೆ ಅನುಕೂಲ ಆಯ್ತು ಅಷ್ಟೇ. ಅವನು ಒಳ್ಳೆಯವನಾಗಿದ್ದಿದ್ದರೆ? ಸಿಗರೇಟು ಸೇದಲ್ಲ, ಕೈತುಂಬ ಸಂಬಳ, ಹೆಂಡತಿಗೆ ಮರ್ಯಾದೆ ಕೊಡ್ತಾನೆ ಅಂದಿದ್ದರೆ ಸಿಮ್ರನ್‌ಗೆ ಬೇಡ ಅನ್ನೋ ಹಕ್ಕು ಇರ್ತಿರಲಿಲ್ವಾ? ಭಾನುವಾರ ನಮ್ಮ ಮನೆಗೆ ಬರೋ ಹುಡುಗನ ಬಗ್ಗೆ ಅಮ್ಮ ಹೇಳ್ತಿರೋದು ಇದೇ. ಒಳ್ಳೆ ಹುಡುಗ, ಬೇಡ ಅನ್ನೋಕೆ ಕಾರಣ ಏನಿದೆ ಅಂತ. ಕಾರಣ ತೋರಿಸಿದರೆ ಮಾತ್ರ ಬೇಡ ಅನ್ನಬಹುದು ಅಂತಾಯ್ತಲ್ಲ.

ಚಿಕ್ಕಮ್ಮ: ಹೂಂ. ಅದನ್ನ ಆ ಚಿತ್ರ ಕೇಳಿಕೊಳ್ಳೋಕೇ ಹೋಗಲಿಲ್ಲ.

ಮಗಳು: ಕೇಳಿಕೊಳ್ಳದೇ ಬಿಟ್ಟಿದ್ದು ಇನ್ನೂ ಇದೆ. ಹುಡುಗ ರಾಜ್ ಮಲ್ಹೋತ್ರಾ, ಪಂಜಾಬಿ, ಹಿಂದೂ, ಸಿರಿವಂತ. ಹುಡುಗಿಯೂ ಪಂಜಾಬಿ, ಹಿಂದೂ. ಇಡೀ ಸಿನಿಮಾದಲ್ಲಿ ಜಾತಿ ಅನ್ನೋ ಮಾತು ಬರಲ್ಲ. ಬಂದಿದ್ದರೆ ಕೊನೇ ದೃಶ್ಯದಲ್ಲಿ ರೈಲು ಹೊರಡೋ ಹೊತ್ತಿಗೆ ಅಪ್ಪನ ಕೈ ಸಡಿಲ ಆಗ್ತಿತ್ತಾ? 2016ರಲ್ಲಿ ನಾಗರಾಜ ಮಂಜುಳೆ ‘ಸೈರಾಟ್’ ಮಾಡಿದ್ದು ನೋಡು. ಆರ್ಚಿ, ಪರ್ಶ್ಯಾ ಜಾತಿ ಮೀರಿ ಓಡಿಹೋಗಿ ಹೈದರಾಬಾದಿನಲ್ಲಿ ಸಂಸಾರ ಕಟ್ಟಿ, ಮಗು ಆದಮೇಲೂ ತವರಿನವರು ಬಂದು ಕೊಂದುಹೋಗ್ತಾರೆ. ನಮ್ಮಲ್ಲೂ ಅದನ್ನ ‘ಮನಸು ಮಲ್ಲಿಗೆ’ ಅಂತ ಮಾಡಿದರು. ಅಪ್ಪನನ್ನ ಒಲಿಸ್ತೀನಿ ಅಂತ ಪರ್ಶ್ಯಾ ಆ ಮನೆ ಹೊಸ್ತಿಲು ತುಳಿಯೋಕಾಗ್ತಿತ್ತಾ? ರಾಜ್‌ನ ಸಹನೆಗೆ ಅವನ ಅಪ್ಪನ ದುಡ್ಡು, ಅವನ ಹೆಸರಿನ ಕೊನೇ ತುಂಡು ಕಾವಲಿತ್ತು.

ಚಿಕ್ಕಮ್ಮ: ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಇರೋರಿಗೆ ಮಾತ್ರ ಸಾಧ್ಯವಾಗೋ ತಾಳ್ಮೆ ಅದು. ಆದರೆ ಅಮ್ಮನ ದೃಶ್ಯ? ಅದನ್ನೂ ತಳ್ಳಿಹಾಕ್ತೀಯಾ?

ಮಗಳು: ಯಾವುದು, ಒಡವೆ ಕೊಡೋದಾ?

ಚಿಕ್ಕಮ್ಮ: ಅದಕ್ಕೂ ಮುಂಚಿನದು. ಆ ಹುಡುಗನನ್ನ ಮರೆತುಬಿಡು ಅಂತ ಮಗಳಿಗೆ ಹೇಳೋಕೆ ಬರ್ತಾಳಲ್ಲ. ಚಿಕ್ಕವಳಿದ್ದಾಗ ಗಂಡು ಹೆಣ್ಣು ಬೇರೆ ಅಲ್ಲ ಅಂತ ಅವಳ ತಾತ ಹೇಳ್ತಿದ್ದರಂತೆ. ದೊಡ್ಡವಳಾದಾಗ ಅಣ್ಣತಮ್ಮಂದಿರು ಓದಲಿ ಅಂತ ಇವಳ ಓದು ನಿಲ್ಲಿಸಿದರು. ಮಗಳಾಗಿ ಬಿಟ್ಟುಕೊಟ್ಟಳು, ತಂಗಿಯಾಗಿ ಬಿಟ್ಟುಕೊಟ್ಟಳು, ಸೊಸೆಯಾಗಿ, ಹೆಂಡತಿಯಾಗಿ ಬಿಟ್ಟುಕೊಟ್ಟಳು. ಸಿಮ್ರನ್ ಹುಟ್ಟಿದಾಗ, ಇವಳು ಮಾತ್ರ ಏನನ್ನೂ ಬಿಟ್ಟುಕೊಡಬಾರದು ಅಂತ ಮನಸ್ಸಿನಲ್ಲೇ ಆಣೆ ಮಾಡಿಕೊಂಡಳು. ಹಾಗೆ ಆಣೆ ಮಾಡೋ ಹಕ್ಕೂ ಹೆಂಗಸಿಗಿಲ್ಲ ಅಂತ ಮರೆತಿದ್ದೆ ಅಂತಾಳೆ. ಅಷ್ಟು ಹೇಳಿ, ನೀನೂ ಬಿಟ್ಟುಕೊಡು ಅಂತ ಮಗಳ ಮುಂದೆ ಸೆರಗೊಡ್ಡೋದೂ ಅವಳೇ. ನಮ್ಮ ಹಾಸ್ಟೆಲಿನ ಹುಡುಗಿಯರೆಲ್ಲ ಅತ್ತಿದ್ದು ಶಾರುಖ್‌ನ ನೋಡಿ ಅಲ್ಲ, ಇವಳ ಮಾತು ಕೇಳಿ. ಅಲ್ಲಿ ಕೂತಿದ್ದವರಲ್ಲಿ ಎಷ್ಟು ಜನರ ಅಮ್ಮಂದಿರ ಓದು ಹಾಗೆ ನಿಂತಿರಲಿಲ್ಲ!

ಮಗಳು: ನನಗೂ ಅಲ್ಲಿ ಗಂಟಲು ಕಟ್ಟಿತು. ಅದಕ್ಕೇ ಮುಂದಿನದು ನುಂಗೋಕಾಗಲಿಲ್ಲ. ಅದೇ ಅಮ್ಮ ಗಂಡನಿಗೆ ಹೆದರ್ತಾ ಹೆದರ್ತಾ ಒಡವೆ ಗಂಟು ತಂದು, ಇವಳನ್ನ ಕರ್ಕೊಂಡು ಹೊರಟುಹೋಗು ಅಂತ ರಾಜ್ ಕೈಗೆ ಕೊಡ್ತಾಳೆ. ಜೀವಮಾನದಲ್ಲಿ ಅವಳು ಸ್ವಂತ ಬುದ್ಧಿಯಿಂದ ತೆಗೆದುಕೊಂಡ ತೀರ್ಮಾನ ಅದೊಂದೇ ಇರಬೇಕು. ಅವನು ಬೇಡ ಅಂತಾನೆ! ಜೀವನದಲ್ಲಿ ಎರಡು ದಾರಿ ಇರುತ್ತೆ, ಒಂದು ಸರಿ ಒಂದು ತಪ್ಪು ಅಂತ ನಮ್ಮಮ್ಮ ಹೇಳಿದ್ದಾಳೆ, ನಾನು ಓಡಿಸಿಕೊಂಡು ಹೋಗಲ್ಲ, ಅವಳಪ್ಪನೇ ಅವಳ ಕೈಯನ್ನ ನನ್ನ ಕೈಯಲ್ಲಿಡಬೇಕು ಅಂತಾನೆ. ಪಕ್ಕದಲ್ಲಿ ಸಿಮ್ರನ್ ನಿಂತಿದ್ದಾಳೆ. ಅವಳು ಹೊರಡೋಕೆ ತಯಾರಿದ್ದಾಳೆ. ಅವಳನ್ನ ಹಡೆದವಳು ಒಪ್ಪಿದ್ದಾಳೆ. ಆದರೆ ಇಬ್ಬರು ಹೆಂಗಸರ ಒಪ್ಪಿಗೆ ಸೇರಿದರೂ ಒಬ್ಬ ಗಂಡಸಿನ ಒಪ್ಪಿಗೆಗೆ ಸಮ ಆಗಲಿಲ್ಲ.

ಚಿಕ್ಕಮ್ಮ: ಅದನ್ನ ಹಾಗೆ ನೋಡಿರಲಿಲ್ಲ ನಾವು. ಅವನ ಹಟಕ್ಕೆ ಮರುಳಾಗಿದ್ವಿ.

ಮಗಳು: ಕರ್ವಾ ಚೌತ್ ದೃಶ್ಯ ತಗೋ. ಕುಲ್‌ಜೀತ್ ಕೈಯಿಂದ ನೀರು ಕುಡಿದು ಉಪವಾಸ ಬಿಡಬಾರದು ಅಂತ ಅವಳು ಬವಳಿ ಬಂದವಳ ಹಾಗೆ ಬೀಳ್ತಾಳೆ, ರಾಜ್ ಓಡಿಬಂದು ನೀರು ಕುಡಿಸ್ತಾನೆ. ಜಾಣತನ ಅಂತ ಎಲ್ಲರೂ ನಗ್ತಾರೆ. ನನಗನ್ನಿಸಿದ್ದು ಬೇರೆ. ಇಡೀ ಪಂಜಾಬ್ ಭಾಗದಲ್ಲಿ ಅವಳು ತನ್ನ ಇಷ್ಟ ನಡೆಸಿದ್ದು ಅದೊಂದೇ ಸಲ, ಅದೂ ಪ್ರಜ್ಞೆ ತಪ್ಪಿದ ನಾಟಕ ಆಡಿ.

ಚಿಕ್ಕಮ್ಮ: ನಮ್ಮ ‘ಮುಂಗಾರು ಮಳೆ’ಯ ನಂದಿನಿಗೂ ಅದೇ ಆಯ್ತಲ್ಲ. 2006ರದ್ದು. ಮಡಿಕೇರಿಯಲ್ಲಿ ಮದುವೆ ಗೊತ್ತಾದ ಹುಡುಗಿಯನ್ನ ಪ್ರೀತಂ ಮೆಚ್ತಾನೆ, ಅವಳೂ ಮನಸ್ಸು ಕೊಡ್ತಾಳೆ. ಕೊನೆಗೆ ಅವಳಪ್ಪನ ಮಾತು ಕೇಳಿ ತಾನೇ ಹಿಂದೆ ಸರೀತಾನೆ. ರಾಜ್ ಅಪ್ಪನಿಂದ ಪಡೆದ, ಪ್ರೀತಂ ಅಪ್ಪನಿಗೆ ಬಿಟ್ಟುಕೊಟ್ಟ. ನಾಡೇ ಅವನಿಗಾಗಿ ಅತ್ತಿತು.

ಮಗಳು: ಎರಡರಲ್ಲೂ ತೀರ್ಮಾನ ನಡೆದಿದ್ದು ಗಂಡಸರ ನಡುವೆ.

ಚಿಕ್ಕಮ್ಮ: 1999ರ ‘ಹಮ್ ದಿಲ್ ದೇ ಚುಕೇ ಸನಮ್’ನಲ್ಲಿ ಒಬ್ಬ ಇದ್ದಾನೆ, ಅಜಯ್ ದೇವಗನ್ ಮಾಡಿದ ವನರಾಜ್. ಹೆಂಡತಿ ಬೇರೆಯವನನ್ನ ಪ್ರೀತಿಸಿದ್ದು ಗೊತ್ತಾದಾಗ ಅವನನ್ನ ಹುಡುಕಿಕೊಡೋಕೆ ಅಂತ ಇಟಲಿಗೇ ಕರ್ಕೊಂಡು ಹೋಗ್ತಾನೆ. ಅಲ್ಲಾದರೂ ಕೊನೇ ಆಯ್ಕೆ ಅವಳದು.

ಮಗಳು: ಮದುವೆ ಆದಮೇಲೆ ಬಂದ ಆಯ್ಕೆ ಅದು. ಒಂದು ತಿಂಗಳು ಮುಂಚೆ ಕೇಳಿದ್ದರೆ ಯಾರೂ ಇಟಲಿಗೆ ಹೋಗಬೇಕಾಗ್ತಿರಲಿಲ್ಲ. ಇರಲಿ, ನಿನ್ನ ಕೇಳ್ತೀನಿ. ನೀನು ರಿಜಿಸ್ಟರ್ ಮದುವೆ ಆದವಳು. ರಾಜ್ ಯಾವುದನ್ನ ತಪ್ಪು ದಾರಿ ಅಂದನೋ ಅದೇ ದಾರಿ ಹಿಡಿದವಳು. ಆದರೂ ಈ ಸಿನಿಮಾ ನಿನಗೆ ಹೇಗೆ ಇಷ್ಟ ಆಗುತ್ತೆ?

ಚಿಕ್ಕಮ್ಮ: ಆ ದಾರಿ ಹಿಡಿದಿದ್ದಕ್ಕೇ ಕಣೆ. 1954ರ ವಿಶೇಷ ವಿವಾಹ ಕಾಯ್ದೆ ಪ್ರಕಾರ ಅರ್ಜಿ ಕೊಟ್ಟರೆ, ಮೂವತ್ತು ದಿನ ನಿನ್ನ ಹೆಸರು ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಇರುತ್ತೆ. ಆ ಮೂವತ್ತು ದಿನ ಎದೆ ಹೊಡೆದುಕೊಳ್ತಾನೇ ಇತ್ತು, ಊರಿನವರು ಯಾರಾದರೂ ಜಾತಿ ಪ್ರಮಾಣಪತ್ರಕ್ಕೋ ಪಹಣಿಗೋ ಬಂದು ಅದನ್ನ ಓದಿಬಿಟ್ಟರೆ ಅಂತ. ಮೂರು ಜನ ಸಾಕ್ಷಿ ಬೇಕು. ಮೂವರೂ ನಿಮ್ಮ ಚಿಕ್ಕಪ್ಪನ ಆಫೀಸಿನವರೇ. ನಿಮ್ಮಮ್ಮ ಬರ್ತೀನಿ ಅಂದಿದ್ದಳು, ಬಿಡಲಿಲ್ಲ. ಹಾರ ಹಾಕಿಕೊಂಡು ಹೊರಗೆ ಬಂದಾಗ ನಮಸ್ಕಾರ ಮಾಡೋಕೆ ಅಲ್ಲಿ ಹಿರಿಯರು ಅಂತ ಒಬ್ಬರೂ ಇರಲಿಲ್ಲ. ನಿಮ್ಮಜ್ಜ ಮಾತು ಬಿಟ್ಟವರು ಬಿಟ್ಟರು. ಆಮೇಲೆ ಸಿನಿಮಾದಲ್ಲಿ ಒಬ್ಬ ಅಪ್ಪ ಮಗಳ ಕೈ ಬಿಟ್ಟು, ಹೋಗು ಅಂದಾಗಲೆಲ್ಲ ನನಗೆ ಹೊಟ್ಟೆ ಚುರ್ ಅನ್ನುತ್ತೆ. ನೀನು ಕಾನೂನು ಹೇಳಿದೆ. ನನಗೆ ಕಾನೂನು ಸಿಕ್ಕಿತು, ಅಪ್ಪ ಸಿಗಲಿಲ್ಲ. ಆ ಚಿತ್ರ ಕಳ್ಳರ ಹಾಗೆ ಮದುವೆ ಆದವರ ಆಸೆ.

ಮಗಳು: ಅದು ನನಗೆ ಅರ್ಥ ಆಗುತ್ತೆ ಚಿಕ್ಕಮ್ಮ. ಅಪ್ಪ ಒಪ್ಪಬೇಕು ಅನ್ನೋ ಆಸೆ ನನಗೂ ಇದೆ. ಆದರೆ ಆ ಕೊನೇ ದೃಶ್ಯವನ್ನ ಇನ್ನೊಂದು ಸಲ ಗಮನ ಇಟ್ಟು ನೋಡು. ಹುಡುಗ ಪೆಟ್ಟು ತಿಂದು ರಕ್ತ ಸೋರಿಸಿಕೊಂಡು ರೈಲಿನ ಬಾಗಿಲಲ್ಲಿ ನಿಂತಿದ್ದಾನೆ. ರೈಲು ಹೊರಟಿದೆ. ಅಪ್ಪ ಮಗಳ ಮಣಿಕಟ್ಟು ಹಿಡಿದಿದ್ದಾನೆ. ಅವಳು ಬಿಡಿಸಿಕೊಳ್ಳೋಕೆ ಕೊಸರಾಡ್ತಾ, ಬಿಟ್ಟುಬಿಡಿ ಅಂತ ಬೇಡಿಕೊಳ್ತಾಳೆ. ಅವನು ಬಿಟ್ಟಮೇಲೆ ಓಡ್ತಾಳೆ. ಬೆಳೆದ ಹೆಣ್ಣುಮಗಳು ಒಂದು ಕೈ ಸಡಿಲ ಆಗೋವರೆಗೂ ಕಾಯ್ತಾಳೆ, ಆಮೇಲೆ ಇನ್ನೊಂದು ಕೈ ಹಿಡೀತಾಳೆ. ಅಷ್ಟು ವರ್ಷ ಜನ ತುಂಬಿದ್ದ ಟಾಕೀಸಿನಲ್ಲಿ ಆ ಹಿಡಿತದ ಬಗ್ಗೆ ಯಾರೂ ಕೇಳಲಿಲ್ಲವಲ್ಲ. ಬಿಟ್ಟಿದ್ದಕ್ಕೆ ಅಪ್ಪನನ್ನ ಹೊಗಳಿದರು. ಹಿಡಿದಿದ್ದಕ್ಕೆ?

ಚಿಕ್ಕಮ್ಮ: ಸುಪ್ರೀಂ ಕೋರ್ಟು ಹೇಳೋಕೇ 2018 ಬೇಕಾಯ್ತು, ಶಕ್ತಿ ವಾಹಿನಿ ಪ್ರಕರಣದಲ್ಲಿ. ವಯಸ್ಸಿಗೆ ಬಂದ ಇಬ್ಬರು ಒಪ್ಪಿದರೆ ಸಾಕು, ಮನೆಯವರ, ಕುಲದವರ ಒಪ್ಪಿಗೆ ಬೇಕಿಲ್ಲ ಅಂತ. ತೀರ್ಪು ಬಂದಾಗ ನಿಮ್ಮ ಚಿಕ್ಕಪ್ಪ ಪೇಪರ್ ತಂದು ತೋರಿಸಿದರು. ನಾನು ನಕ್ಕೆ.

ಮಗಳು: ಹಾಗಾದರೆ ಕೊನೆಗೆ ನಿನ್ನ ತೀರ್ಪು ಏನು? ಒಳ್ಳೆ ಸಿನಿಮಾನಾ ಅಲ್ವಾ?

ಚಿಕ್ಕಮ್ಮ: ಒಳ್ಳೆ ಸಿನಿಮಾ. ಇನ್ನೊಂದು ಸಲ ಹಾಕಿದರೂ ಕೂತು ನೋಡ್ತೀನಿ, ಅಮ್ಮನ ಮಾತಿಗೆ ಇನ್ನೊಂದು ಸಲ ಅಳ್ತೀನಿ. ಆದರೆ ಅದರಿಂದ ಬದುಕೋ ರೀತಿ ಕಲೀಬಾರದು. ಅಲ್ಲಿ ಎಲ್ಲರೂ ಒಳ್ಳೆಯವರೇ, ಎಲ್ಲರಿಗೂ ಸಿಮ್ರನ್ ಸುಖವಾಗಿರಬೇಕು. ಅಪ್ಪನಿಗೆ ಮಾತು ಮುಖ್ಯ, ರಾಜ್‌ಗೆ ಅಪ್ಪನ ಒಪ್ಪಿಗೆ ಮುಖ್ಯ, ಅಮ್ಮನಿಗೆ ಮನೆ ಒಡೆಯದೇ ಇರೋದು ಮುಖ್ಯ. ನಿನಗೇನು ಬೇಕು ಅಂತ ಅಪ್ಪ ಅವಳನ್ನ ಒಂದೇ ಒಂದು ಸಲ ಕೇಳಿದ್ದರೆ ಆ ಸ್ಟೇಷನ್ನಿನಲ್ಲಿ ಯಾರ ತಲೆಯೂ ಒಡೆಯಬೇಕಾಗಿರಲಿಲ್ಲ.

ಮಗಳು: ನನ್ನ ಅಪ್ಪನೂ ಕೇಳಿಲ್ಲ.

ಚಿಕ್ಕಮ್ಮ: ಕೇಳಲ್ಲ. ಕೆಟ್ಟವರು ಅಂತಲ್ಲ, ಕೇಳಬೇಕು ಅಂತ ಅವರಿಗೆ ಯಾರೂ ಕಲಿಸಿಲ್ಲ. ಅದಕ್ಕೇ ಹೇಳ್ತೀನಿ, ಭಾನುವಾರದವರೆಗೆ ಕಾಯಬೇಡ. ಇವತ್ತು ರಾತ್ರಿ ಊಟ ಆದಮೇಲೆ ನಿಮ್ಮಪ್ಪನ ಎದುರು ಕೂತು ಹೇಳು. ಹುಡುಗನ ಜೊತೆ ಮೊದಲು ನಾನು ಮಾತಾಡಬೇಕು, ಇಷ್ಟ ಆಗದೇ ಇದ್ದರೆ ಕಾರಣ ಕೊಡದೇ ಬೇಡ ಅಂತೀನಿ, ಆಗ ನೀವು ನನ್ನ ಪರವಾಗಿ ನಿಲ್ಲಬೇಕು ಅಂತ. ಅಮ್ಮನ ಕೈಯಲ್ಲಿ ಹೇಳಿಕಳಿಸಬೇಡ, ನನ್ನ ಕೈಯಲ್ಲೂ ಬೇಡ. ನೀನು ಸುಮ್ಮನಿದ್ದರೆ ಅವರು ಅದನ್ನ ನಾಚಿಕೆ ಅಂತಲೇ ತಿಳಿದುಕೊಳ್ತಾರೆ.